ಉಸುಕಿನ ಹರವಿ

ಅಮಾವಾಸ್ಯೆಯ ಬೆಳಗು ನಮ್ಮ ಮನೆಯಲ್ಲಿ ನಿಧಾನವಾಗಿ ಆಗುತ್ತಿತ್ತು. ಅಂದು ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲವಾದ್ದರಿಂದ ಅಪ್ಪ ಹೊಲದ ಅವಸರವಿಲ್ಲದೆ ಮಲಗಿರುತ್ತಿದ್ದ. ಎತ್ತುಗಳೂ ಗೋದಲಿಯ ಮುಂದೆ ಮಲಗಿಕೊಂಡೇ ಮೆಲುಕು ಹಾಕುತ್ತಿದ್ದವು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಎಲ್ಲರಿಗಿಂತ ಮೊದಲು ಎದ್ದು ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ, ಹಂಡೆಯ ನೀರು ಕಾಯಲು ಬಿಟ್ಟು, ಎಮ್ಮೆಯ ಕಡೆ ಹೋಗುತ್ತಿದ್ದಳು. ಅವ್ವ ಅಂಗಳಕ್ಕೆ ಸೆಗಣಿನೀರು ಹಾಕಿ, ಹೊಸ್ತಿಲಿಗೆ ರಂಗೋಲಿ ಎಳೆದು, ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಾನು ಹೇಳಹೊರಟ ಆ ದಿನವೂ ಹಾಗೆಯೇ ಆಯಿತು. ನಾನು ಪಡಸಾಲೆಯಲ್ಲಿ ಕಂಬಳಿಯೊಳಗೆ ಮಲಗಿ ರೊಟ್ಟಿಯ ಸದ್ದು ಕೇಳುತ್ತಿದ್ದೆ. ಎರಡು ಬಡಿತಗಳ ನಡುವೆ ನನ್ನ ಎದೆಯ ಶಿಳ್ಳೆ ಕೇಳಿಸುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ದಿನದ ಮೊದಲ ಕೆಲಸವಾಗಿತ್ತು. ಅಂದು ಕೇಳಿಸಿತು, ಸಣ್ಣಗೆ, ದೂರದಲ್ಲಿ ಯಾರೋ ಬಾಗಿಲು ತೆರೆದಂತೆ. ಅಡುಗೆಮನೆಯಲ್ಲಿ ಅವ್ವನ ಕೈಯೂ ಅರೆಕ್ಷಣ ನಿಂತಿತು. ಅವಳೂ ಕೇಳುತ್ತಿದ್ದಳು.

ನನಗೆ ದಮ್ಮಿತ್ತು. ಸುಗ್ಗಿಯ ದಿನಗಳಲ್ಲಿ ಜೋಳದ ರಾಶಿಯ ಧೂಳು ನಮ್ಮೂರು ಶಲವಡಿಯ ಮನೆಗಳ ಮೇಲೆಲ್ಲ ಹಾರಾಡುವಾಗ ಯಾರೋ ಒರಳಿನ ಗುಂಡುಕಲ್ಲು ತಂದು ನನ್ನ ಎದೆಯ ಮೇಲಿಟ್ಟು ಹೋದಂತಾಗುತ್ತಿತ್ತು. ಒಳಗೆ ಹೋದ ಉಸಿರು ಹೊರಗೆ ಬರುತ್ತಿರಲಿಲ್ಲ. ನನಗಿಂತ ಮೊದಲು ಹುಟ್ಟಿದ್ದ ಅಣ್ಣ ಇದೇ ದಮ್ಮಿನಲ್ಲಿ ಅವ್ವನ ತೊಡೆಯ ಮೇಲೆ ಹೋಗಿದ್ದ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಎಷ್ಟೋ ಸಲ ನಿದ್ದೆಯ ನಡುವೆ ನನಗೆ ಎಚ್ಚರವಾದಾಗ ಅವ್ವನ ಬೆರಳು ನನ್ನ ಮೂಗಿನ ಕೆಳಗೆ ಇರುತ್ತಿತ್ತು. ಕಣ್ಣು ಮುಚ್ಚಿಕೊಂಡೇ ನಾನು ಅವಳಿಗಾಗಿ ಒಂದು ದೊಡ್ಡ ಉಸಿರು ಬಿಡುತ್ತಿದ್ದೆ. ಬೆರಳು ಹೋಗುತ್ತಿತ್ತು. ನಾನು ಕಲಿಯುತ್ತಿದ್ದ ಕಾನ್ವೆಂಟಿನ ಸಿಸ್ಟರ್ ಕೊಟ್ಟ ಮಾತ್ರೆ, ನವಲಗುಂದದ ಡಾಕ್ಟರರ ಸೂಜಿ, ಆಡುಸೋಗೆಯ ಕಷಾಯ, ಎಲ್ಲ ಆಗಿದ್ದವು. ಕಲ್ಲು ಮಾತ್ರ ಪ್ರತಿ ಸುಗ್ಗಿಗೂ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಅಪ್ಪನ ತಮ್ಮ, ನಮ್ಮ ಕಾಕಾ, ಲಾರಿ ನಡೆಸುತ್ತಿದ್ದ. ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಅರಬೈಲ್ ಘಟ್ಟ ಇಳಿದು ಅಂಕೋಲೆಯ ಕಡೆ ಹೋಗುತ್ತಿದ್ದ. ಮರಳಿ ಬರುವಾಗ ಉಪ್ಪು ತರುತ್ತಿದ್ದ. ಅವನು ಬಂದ ದಿನ ಅಂಗಳದಲ್ಲಿ ನಮ್ಮ ಸೀಮೆಯದಲ್ಲದ ಒಂದು ವಾಸನೆ ಇರುತ್ತಿತ್ತು. ಒಂದು ಸುಗ್ಗಿಯಲ್ಲಿ ಉಪ್ಪಿನ ಚೀಲದ ಕೆಳಗಿನಿಂದ ಅವನೊಂದು ಬುಟ್ಟಿ ತೆಗೆದ. ಉಸುಕಿನಲ್ಲಿ ಹುದುಗಿಸಿಟ್ಟ ಬಿಳಿಯ ಉಂಡೆಗಳು.

"ಕಡಲ ದಂಡ್ಯಾಗ ಬುಟ್ಟಿಗಟ್ಲೆ ಇಟ್ಕೊಂಡ ಕುಂತಿರ್ತಾರ ಬೇ ಯವ್ವಾ. ಆಮಿ ತತ್ತಿ. ಅಮಾಸಿಗೊಂದ ಹಸೀದ ನುಂಗಿದ್ರ ದಮ್ಮ ಅನ್ನೂದು ಹತ್ರ ಸುಳಿಯಾಂಗಿಲ್ಲ ಅಂತಾರ."

ಕೋಳಿಯ ತತ್ತಿಯಂತೆ ಆಮೆಯ ತತ್ತಿಯ ಸಿಪ್ಪೆ ಗಟ್ಟಿಯಾಗಿರಲಿಲ್ಲ. ಒದ್ದೆ ಚಕ್ಕಳದಂತಿತ್ತು. ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು. ಆ ತಗ್ಗು ತಾನಾಗಿ ಮೇಲೇಳುತ್ತಿರಲಿಲ್ಲ. ಆಯಿ ಮೊದಲ ದಿನ ಹಸಿಯದನ್ನು ಕೊಡಲು ಮನಸ್ಸಾಗದೆ ಒಂದನ್ನು ಕುದಿಸಿ ನೋಡಿದಳು. ಎಷ್ಟು ಕುದಿಸಿದರೂ ಬಿಳಿಯ ಭಾಗ ಗಟ್ಟಿಯಾಗಲಿಲ್ಲ, ನೀರಿನಂತೆಯೇ ಉಳಿಯಿತು. ಅವಳು ಪಾತ್ರೆಯನ್ನು ಬಹಳ ಹೊತ್ತು ನೋಡುತ್ತ ನಿಂತು, ಬೆಂಕಿಗೂ ಬಗ್ಗದ ವಸ್ತುವೆಂದರೆ ಇದರಲ್ಲಿ ಸತ್ವ ಇರಲೇಬೇಕು ಎಂದಳು. ನಾನು ಮೂಗು ಹಿಡಿದು, ಮೆಣಸು ಬೆಲ್ಲದ ಜೊತೆ ನುಂಗಿದೆ. ಆ ಸುಗ್ಗಿ ದಮ್ಮು ಅಷ್ಟಾಗಿ ಬರಲಿಲ್ಲ. ಆ ವರ್ಷ ಗಾಳಿ ಬೇರೆ ದಿಕ್ಕಿಗಿತ್ತೋ, ರಾಶಿಯ ಕಣ ದೂರವಿತ್ತೋ, ಯಾರಿಗೆ ಗೊತ್ತು. ಅವ್ವನಿಗೆ ಮಾತ್ರ ಬೇರೆ ಕಾರಣ ಬೇಕಿರಲಿಲ್ಲ. ಅವಳ ಪಾಲಿಗೆ ನನ್ನ ಉಸಿರು ಅಂದಿನಿಂದ ಆ ಬುಟ್ಟಿಯೊಳಗೆ ಇತ್ತು.

ನೋಡುತ್ತ ನೋಡುತ್ತ ಅದು ಓಣಿಯ ಔಷಧವಾಯಿತು. ಕಡಲನ್ನು ಕಂಡೇ ಇರದ ಜನ ಕಾಕಾನ ಲಾರಿಯ ಹಾದಿ ಕಾಯತೊಡಗಿದರು. ಒಬ್ಬರಿಗೆ ದಮ್ಮಿಗೆ, ಒಬ್ಬರಿಗೆ ಸೊಂಟಕ್ಕೆ, ಹೊಸದಾಗಿ ಮದುವೆಯಾದವರಿಗೆ ಹೇಳಲಾಗದ ಕಾರಣಕ್ಕೆ. ಕಾಕಾ ಬಾಟಲಿಯಲ್ಲಿ ಆಮೆಯ ಎಣ್ಣೆಯನ್ನೂ ತಂದ. ಕಂದು ಬಣ್ಣದ ಆ ಎಣ್ಣೆಯನ್ನು ತಿಕ್ಕಿಕೊಂಡ ಮುದುಕರು ಕಟ್ಟೆಯ ಮೇಲೆ ಕುಳಿತರೆ ನಾಯಿಗಳು ಹತ್ತಿರ ಬಂದು ಮೂಸಿ, ಹಿಂದೆ ಸರಿಯುತ್ತಿದ್ದವು. ಫಾರೆಸ್ಟಿನವರು ಕಂಡರೆ ಹಿಡಿಯುತ್ತಾರೆ ಎಂದು ಕಾಕಾ ನಗುತ್ತಲೇ ಹೇಳುತ್ತಿದ್ದ. ಉಪ್ಪಿನ ಕೆಳಗೆ ಯಾರು ಕೈ ಹಾಕುತ್ತಾರೆ ಎಂದೂ ಹೇಳುತ್ತಿದ್ದ. ಒಮ್ಮೆ ಒಂದು ಇಡೀ ಚಿಪ್ಪನ್ನೇ ತಂದ. ಅದು ನನ್ನನ್ನು ಕೂರಿಸಿ ತೂಗುವಷ್ಟು ಅಗಲವಿತ್ತು. ಆಯಿ ಅದನ್ನು ಅಂಗಳದಲ್ಲಿ ಬೋರಲು ಹಾಕಿ, ಗುಡಿಯಲ್ಲಿ ದೇವರ ಮುಂದಿನ ಕಲ್ಲಿನ ಆಮೆಗೆ ಹಚ್ಚುವಂತೆ ಅಮಾವಾಸ್ಯೆಗೊಮ್ಮೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಅದೇ ಕೈ ಬಚ್ಚಲಿಗೆ ಬಂದು ತತ್ತಿ ಒಡೆಯುತ್ತಿತ್ತು. ಇದರಲ್ಲಿ ಏನೋ ಸರಿಯಿಲ್ಲವೆಂದು ನನಗೆ ಅನ್ನಿಸುತ್ತಿತ್ತು. ಕೇಳುವಷ್ಟು ಉಸಿರು ನನಗಿರಲಿಲ್ಲ. ಮಳೆಗಾಲದಲ್ಲಿ ಹನಿಗಳು ಆ ಚಿಪ್ಪಿನ ಮೇಲೆ ಬಿದ್ದಾಗ ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದಂತೆ ಕೇಳಿಸುತ್ತಿತ್ತು.

ಮೂರನೆಯ ಸುಗ್ಗಿಯಲ್ಲಿ ಕಾಕಾ ತಡವಾಗಿ ಬಂದ. ಬುಟ್ಟಿ ಮುಕ್ಕಾಲು ಖಾಲಿಯಿತ್ತು.

"ಸಿಗವಲ್ವು ಬೇ. ದಂಡಿ ಅಗದಿ ಬೋಳಾಗೇತಿ. ಮುದುಕಿ ಉಸುಕಿನ್ಯಾಗ ಸರಳ ಚುಚ್ಚಿ ಚುಚ್ಚಿ ಸಾಕಾದ್ಲು. ಕಡೀಕ ತತ್ತಿ ಇದ್ದ ಒಂದ ಕುಣಿ ಸಿಕ್ತು. ಯಾವಾಗ ಇಟ್ಟಿದ್ವೋ ಆಕೀಗೂ ಗೊತ್ತಿಲ್ಲ."

ಆ ಮುದುಕಿ ಯಾವಾಗಲೂ ಅವನಿಗೆ ತತ್ತಿ ಕೊಡುತ್ತಿದ್ದವಳು. ಮೊದಲೆಲ್ಲ ಬೆಳಿಗ್ಗೆ ಎದ್ದು ನೋಡಿದರೆ ದಂಡೆಯ ತುಂಬ ಆಮೆಗಳು ತೆವಳಿದ ಗುರುತುಗಳಿದ್ದವಂತೆ, ಬಂಡಿಗಳು ಹಾದು ಹೋದಂತೆ. ಈಗ ಹಗಲೆಲ್ಲ ನಡೆದರೂ ಒಂದು ಗುರುತು ಕಾಣುವುದಿಲ್ಲ ಎಂದು ಅವಳು ಕಾಕಾನಿಗೇ ಬೈದಿದ್ದಳಂತೆ, ನೀವು ಘಟ್ಟದ ಮೇಲಿನವರು ಬಂದ ಮೇಲೆ ಹೀಗಾಯಿತೆಂದು. ಇದನ್ನು ಹೇಳುವಾಗಲೂ ಕಾಕಾ ನಗುತ್ತಿದ್ದ. ಮದುವೆಯಾದ ಎಷ್ಟೋ ವರ್ಷಗಳ ಮೇಲೆ ನಾನು ಗಂಡನ ಜೊತೆ ಆ ದಂಡೆಗೆ ಹೋಗಿದ್ದೆ. ಉಸುಕು ಇಸ್ತ್ರಿ ಮಾಡಿದಂತೆ ನುಣ್ಣಗಿತ್ತು. ಎಷ್ಟು ಚೊಕ್ಕಟ ಇದೆ ನೋಡು ಎಂದು ಅವರು ಖುಷಿಪಟ್ಟರು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಕಾಕಾ ಬರುವ ಹೊತ್ತಿಗೆ ಆ ತಿಂಗಳ ಅಮಾವಾಸ್ಯೆ ದಾಟಿತ್ತು. ಮುಂದಿನದರ ತನಕ ತತ್ತಿಗಳನ್ನು ಕಾಯಬೇಕಿತ್ತು, ಇನ್ನೊಮ್ಮೆ ಸಿಗುವ ಭರವಸೆಯೂ ಇರಲಿಲ್ಲ. ಆಯಿ ನಮ್ಮ ಓಣಿಗೆಲ್ಲ ಬೀಜ ಕಾಯುವವಳು. ಜೋಳ, ಕಡಲೆ, ಕುಸುಬೆ, ಯಾವ ಬೀಜವನ್ನು ಬೂದಿಯಲ್ಲಿಡಬೇಕು, ಯಾವುದನ್ನು ಬೆಚ್ಚಗೆ ಇಡಬೇಕು ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಅವಳು ತತ್ತಿಗಳನ್ನೂ ಬೀಜದಂತೆಯೇ ನೋಡಿದಳು. ಅಗಲ ಬಾಯಿಯ ಮಣ್ಣಿನ ಹರವಿಯೊಂದಕ್ಕೆ ಅವುಗಳ ಜೊತೆ ಬಂದ ಉಸುಕನ್ನೇ ಹಾಸಿ, ಒಂದಕ್ಕೊಂದು ತಾಗದಂತೆ ಹೂತು, ಚಳಿ ಹಿಡಿಯಬಾರದೆಂದು ಬಚ್ಚಲ ಒಲೆಯ ಬದಿಗಿಟ್ಟಳು. ಒಣಗಬಾರದೆಂದು ಆಗಾಗ ಉಗುರುಬೆಚ್ಚಗಿನ ನೀರು ಚಿಮುಕಿಸಿದಳು. ಅದೇ ಕುಣಿಯ ಒಂದು ಪಾಲು ಬಾಜು ಮನೆಯ ನೀಲವ್ವನಿಗೂ ಹೋಗಿತ್ತು. ಅವಳ ಅತ್ತೆಗೆ ಮೊಣಕಾಲು ಹಿಡಿದಿತ್ತು. ಹೀಗೆ ಇಡಬೇಕೆಂದು ಆಯಿಯೇ ಅವಳ ಮನೆಗೆ ಹೋಗಿ ತೋರಿಸಿ ಬಂದಿದ್ದಳು. ಕೆಡದಂತೆ ಕಾಯುವುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಕಾಯುವುದಕ್ಕೂ ಕಾವು ಕೊಡುವುದಕ್ಕೂ ನಡುವೆ ಇರುವ ಗೆರೆಯನ್ನು ಅವಳು ಯಾವಾಗ ದಾಟಿದಳೋ ಅವಳಿಗೇ ತಿಳಿಯಲಿಲ್ಲ.

ಎದೆಯ ಶಿಳ್ಳೆ ಕೇಳಿಸಿದ ಆ ಅಮಾವಾಸ್ಯೆಯ ಬೆಳಿಗ್ಗೆ ನಾನು ಔಷಧದ ಸಲುವಾಗಿ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಬಚ್ಚಲ ಬಾಗಿಲಲ್ಲಿ ಬರಿಹೊಟ್ಟೆಯಲ್ಲಿ ನಿಂತಿದ್ದೆ, ಕೈಯಲ್ಲಿ ಬೆಲ್ಲದ ಚೂರು. ಆಯಿ ಹರವಿಯ ಮುಚ್ಚಳ ಸರಿಸಿ, ಉಸುಕಿನೊಳಗೆ ಮೊಣಕೈ ತನಕ ಕೈ ಹಾಕಿದಳು. ಹಾಕಿದವಳು ಹಾಗೆಯೇ ಇದ್ದುಬಿಟ್ಟಳು. ಒಲೆಯ ಬೆಳಕಿನಲ್ಲಿ ಅವಳ ಮುಖ ಬದಲಾಗುವುದನ್ನು ನಾನು ನೋಡಿದೆ. ಕತ್ತಲಲ್ಲಿ ನಡೆಯುವಾಗ ಎದುರಿಗೆ ಯಾರೋ ಇದ್ದಾರೆಂದು ಗೊತ್ತಾದವರ ಮುಖ ಹಾಗಿರುತ್ತದೆ. ಮೆಲ್ಲಗೆ ಕೈ ಹೊರಗೆ ತೆಗೆದಳು. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇವತ್ತ ಬ್ಯಾಡ."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಕೆಟ್ಟಿವೆಯೇ ಎಂದು ಕೇಳಿದಳು.

"ಕೆಟ್ಟಿಲ್ಲ. ಒಳಗ ಏನೋ ನನ್ನ ಕೈಬಟ್ಟ ಹಿಡಕೊಂತು."

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಅವ್ವನ ಸಿಟ್ಟು ಯಾವಾಗಲೂ ಪಾತ್ರೆಗಳ ಮೇಲೆ ಹೋಗುತ್ತಿತ್ತು. ಅಂದು ಅವಳು ಆಯಿಯ ಮುಂದೆ ನಿಂತು, ನನ್ನ ಕಡೆ ಕೈ ತೋರಿಸಿ, ದನಿ ಏರಿಸದೆ ಹೇಳಿದಳು:

"ಅತ್ತ್ಯಾರ, ಅಮಾಸಿ ತಪ್ಪಿದ್ರ ಮತ್ತ ತಿಂಗಳ ಕಾಯಬೇಕ್ರಿ. ಇಕಿ ಎದಿ ಆಗಲೇ ಸಪ್ಪಳ ಮಾಡಾಕತ್ತೇತಿ. ಒಬ್ಬನ್ನ ಕಳಕೊಂಡೇನ್ರಿ. ಇಕೀನ್ನೂ ಕಳಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ."

ಆಯಿ ಮುಚ್ಚಳ ಎಳೆದು, ಒಲೆಯೊಳಗಿನ ಕಟ್ಟಿಗೆಗಳನ್ನು ಹೊರಗೆಳೆದು, ಬಚ್ಚಲಿಗೆ ಯಾರೂ ಹೋಗಬಾರದು, ಒಲೆಯನ್ನೂ ಹೊತ್ತಿಸಬಾರದು ಎಂದಳು. ಅಪ್ಪ ಎದ್ದು ಬಂದು ಇಬ್ಬರ ಮುಖ ನೋಡಿ, ಸ್ನಾನವಿಲ್ಲದೆಯೇ ಗುಡಿಯ ಕಟ್ಟೆಗೆ ನಡೆದ. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಬಿಸಿನೀರಿಲ್ಲ. ಅವ್ವ ಬಡಿದ ರೊಟ್ಟಿ ಒಂದೂ ಉಬ್ಬಲಿಲ್ಲ. ಆಯಿ ಅಂಗಳದ ಚಿಪ್ಪಿಗೆ ಕುಂಕುಮ ಹಚ್ಚಲು ಹೋದವಳು ಭರಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮರಳಿ ಬಂದಳು.

ಮಧ್ಯಾಹ್ನ ಅವರಿಬ್ಬರೂ ಅಡ್ಡಾದಾಗ ನಾನು ಬಚ್ಚಲಿಗೆ ಹೋದೆ. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಹರವಿಯ ಬಾಯಿಯ ಮೇಲೆ ನಿಂತಿತ್ತು. ಮುಚ್ಚಳ ಓರೆಯಾಗಿತ್ತು, ಆಯಿ ಅದನ್ನು ಪೂರ್ತಿ ಮುಚ್ಚಿರಲಿಲ್ಲ. ನಾನು ಕಿವಿಯನ್ನು ಹರವಿಯ ಹೊಟ್ಟೆಗೆ ಹಚ್ಚಿದೆ. ಒಳಗೆ ಜೋಳದ ಕಾಳು ಜಾರಿದಂತೆ, ನಿಂತಂತೆ, ಮತ್ತೆ ಜಾರಿದಂತೆ ಸದ್ದು. ಅದು ನನಗೆ ಗುರುತಿನ ಸದ್ದಾಗಿತ್ತು. ದಮ್ಮು ಬಂದಾಗ ದಿಂಬಿಗೆ ಕಿವಿಯಿಟ್ಟರೆ ನನ್ನ ಎದೆಯೊಳಗೆ ಇದೇ ಕೇಳಿಸುತ್ತಿತ್ತು. ಇಣುಕಿ ನೋಡಿದೆ. ಆಯಿ ಸಮ ಮಾಡಿದ್ದ ಉಸುಕು ನಡುವೆ ಕುಸಿದು ಬಟ್ಟಲಿನಂತಾಗಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನಷ್ಟು ಕುಸಿಯಿತು, ಕೆಳಗಿನಿಂದ ಯಾರೋ ಉಸಿರು ಒಳಗೆಳೆದುಕೊಂಡಂತೆ. ಸಿಸ್ಟರ್ ಹೇಳಿಕೊಟ್ಟ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳಿಕೊಂಡೆ. ಅದು ಯಾರ ಸಲುವಾಗಿ ಎಂದು ನನಗೆ ಗೊತ್ತಿರಲಿಲ್ಲ. ಇಂದಿಗೂ ನಾನು ಯಾವ ಡಬ್ಬಿಯ ಮುಚ್ಚಳವನ್ನೂ ಬಿಗಿಯಾಗಿ ಹಾಕುವುದಿಲ್ಲ. ರವೆಗೆ ಹುಳ ಬೀಳುತ್ತದೆ ಎಂದು ಮಗಳು ಬೈಯುತ್ತಾಳೆ. ಬೀಳಲಿ.

ಸಂಜೆ ಕರೆಂಟು ಹೋಯಿತು. ಬಚ್ಚಲ ಒಲೆ ದಿನವಿಡೀ ಆರಿದ್ದರಿಂದ ಹರವಿಯ ಉಸುಕು ರಾತ್ರಿಯ ಕಡಲದಂಡೆಯಂತೆ ತಣ್ಣಗಾಗಿತ್ತು. ಒಳಗಿದ್ದವು ಅದಕ್ಕಾಗಿಯೇ ಕಾದಿದ್ದವೆಂದು ಈಗ ನನಗನ್ನಿಸುತ್ತದೆ. ಅವ್ವ ಅಡುಗೆಮನೆಯ ಒಲೆಯ ಮುಂದೆ ನುಚ್ಚಿಗೆ ಎಸರಿಟ್ಟು ಕುಳಿತಿದ್ದಳು. ದೀಪ ಇನ್ನೂ ಹಚ್ಚಿರಲಿಲ್ಲ. ಮನೆಯಲ್ಲಿ ಇದ್ದ ಬೆಳಕೆಂದರೆ ಆ ಬೆಂಕಿ ಮಾತ್ರ. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಬಚ್ಚಲಿನಲ್ಲಿ ಹರವಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಒಣ ಎಲೆಗಳನ್ನು ನೆಲದ ಮೇಲೆ ಎಳೆದಂತೆ ಒಂದು ಸದ್ದು, ನಮ್ಮ ಕಡೆಗೇ. ಅವ್ವ ತಲೆ ಎತ್ತಲಿಲ್ಲ. ಅವಳ ಕೈ ಸೌಟಿನ ಮೇಲೆ ಗಟ್ಟಿಯಾಯಿತು.

ಮೊದಲು ಒಂದು ಬಂತು. ಅಂಗೈಯಲ್ಲಿ ಹಿಡಿಸುವಷ್ಟು, ಒದ್ದೆ ಎರೆಮಣ್ಣಿನ ಬಣ್ಣ. ಬೆನ್ನಿನ ಮೇಲೆ ಉಸುಕು ಅಂಟಿತ್ತು. ಅದರ ಹಿಂದೆ ಇನ್ನೊಂದು, ಆಮೇಲೆ ಬಾಗಿಲಿನ ಕತ್ತಲೆಯೇ ತುಂಡು ತುಂಡಾಗಿ ಒಳಗೆ ಬರತೊಡಗಿತು. ಯಾವುದೂ ನಮ್ಮನ್ನು ನೋಡಲಿಲ್ಲ. ಅತ್ತಿತ್ತ ತಿರುಗಲಿಲ್ಲ. ಎಲ್ಲವೂ ಒಂದೇ ಕಡೆಗೆ, ಉರಿಯುವ ಒಲೆಯ ಕಡೆಗೆ, ಕರೆದವರ ಹತ್ತಿರ ಹೋಗುವಂತೆ ತೆವಳಿದವು. ಮೊದಲನೆಯದು ಒಲೆಯ ಮುಂದಿನ ಬೂದಿಗೆ ಬಂದು, ಕೆಂಡದ ಶಾಖ ಮುಖಕ್ಕೆ ಹೊಡೆದರೂ ನಿಲ್ಲದೆ, ಚಿಕ್ಕ ಕೈಗಳಿಂದ ಬೂದಿಯನ್ನು ಹಿಂದಕ್ಕೆ ತಳ್ಳುತ್ತ ಮುಂದೆ ಹೋಯಿತು.

ಉರಿವ ಒಲೆಗೆ ನೀರು ಹಾಕಬಾರದು, ಬೆಂಕಿ ತಾನಾಗಿ ಆರಬೇಕು ಎಂಬುದು ಆಯಿಯ ಕಟ್ಟುನಿಟ್ಟು. ಹೊಗೆಯೆದ್ದರೆ ನನಗೆ ಉಸಿರು ಸಿಗುವುದಿಲ್ಲ ಎಂಬುದು ಅವ್ವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅವಳು ನನ್ನನ್ನೊಮ್ಮೆ ನೋಡಿದಳು, ಬೂದಿಯಲ್ಲಿದ್ದ ಅದನ್ನೊಮ್ಮೆ ನೋಡಿದಳು. ಆಮೇಲೆ ಎಸರಿನ ಬದಿಗಿದ್ದ ಕೊಡವನ್ನೆತ್ತಿ ತಣ್ಣೀರನ್ನೆಲ್ಲ ಒಲೆಯೊಳಗೆ ಸುರಿದಳು. ಬೆಂಕಿ ಹಾವಿನಂತೆ ಬುಸುಗುಟ್ಟಿತು. ಮನೆ ಕತ್ತಲಾಯಿತು, ಹೊಗೆಯಾಯಿತು. ಕಲ್ಲು ಬಂದು ನನ್ನ ಎದೆಯ ಮೇಲೆ ಕುಳಿತಿತು. ಆ ಕತ್ತಲಲ್ಲಿ ಎಲೆಯ ಸದ್ದು ನಿಂತುಹೋಯಿತು. ಅವೆಲ್ಲ ಏನೋ ಕಳೆದುಕೊಂಡಂತೆ ನಮ್ಮ ಕಾಲುಗಳ ಸುತ್ತ ಸುಮ್ಮನೆ ನಿಂತಿದ್ದವು. ಒಂದು ನನ್ನ ಪಾದದ ಮೇಲಿತ್ತು. ತಣ್ಣಗಿತ್ತು. ಅವ್ವ ನನ್ನನ್ನು ಎತ್ತಿಕೊಂಡು ಪಡಸಾಲೆ ದಾಟಿ ಮುಂಬಾಗಿಲು ತೆರೆದಳು. ನಮ್ಮ ಬಾಗಿಲು ಪಡುವಣಕ್ಕಿತ್ತು. ಸೂರ್ಯ ಮುಳುಗಿದ ಜಾಗದಲ್ಲಿ ಆಕಾಶ ಇನ್ನೂ ಕೆಂಪಗಿತ್ತು, ಅದರ ಕೆಳಗೆ ಎರೆಹೊಲ ಅಂಚಿಲ್ಲದೆ ಕಪ್ಪಗೆ ಹಾಸಿತ್ತು. ಹಿಂದಿನಿಂದ ಸದ್ದು ಮತ್ತೆ ಶುರುವಾಯಿತು. ಅವು ಆ ಕೆಂಪು ಬೆಳಕಿನ ಕಡೆಗೆ ತಿರುಗಿದ್ದವು.

ಹೊಸ್ತಿಲು ಎತ್ತರವಾಗಿತ್ತು. ಅವು ಬಂದು ಅದಕ್ಕೆ ಡಿಕ್ಕಿ ಹೊಡೆದು, ಒಂದರ ಮೇಲೊಂದು ಏರಿ, ಬೀಳುತ್ತಿದ್ದವು. ಆಯಿ ಎಲ್ಲಿಂದಲೋ ಮೊರ ತಂದು ಹೊಸ್ತಿಲಿಗೆ ಓರೆಯಾಗಿ ಇಟ್ಟಳು. ಅವು ಮೊರ ಹತ್ತಿ, ಬೆಳಿಗ್ಗೆ ಅವ್ವ ಎಳೆದಿದ್ದ ರಂಗೋಲಿಯ ಮೇಲೆ ಉರುಳಿ, ಅದನ್ನು ಅಳಿಸುತ್ತ ಅಂಗಳಕ್ಕೆ ಇಳಿದವು. ಒಂದು ಮರಿ ದೊಡ್ಡ ಚಿಪ್ಪಿನ ತನಕ ಹೋಯಿತು. ತಾಗಿ ನಿಂತು, ಬಳಸಿಕೊಂಡು, ಮುಂದೆ ಹೋಯಿತು. ಶಾಲೆಯ ನಕ್ಷೆಯಲ್ಲಿ ಕಡಲಿನ ನೀಲಿಯಿದ್ದ ದಿಕ್ಕು ಅದೇ ಎಂದು ನನಗೆ ಗೊತ್ತಿತ್ತು. ನಡುವೆ ಎಷ್ಟು ನೆಲವಿದೆ ಎಂಬುದು ಅವುಗಳಿಗೆ ಗೊತ್ತಿರಲಿಲ್ಲ.

ಕಾಕಾ ಆಗ ಬಂದ. ಅಂದು ಅವನ ಲಾರಿ ಘಟ್ಟಕ್ಕೆ ಹೊರಡುವುದಿತ್ತು. ನೋಡಿ ಮೊದಲು ಬಾಯಿಗೆ ಕೈ ಇಟ್ಟುಕೊಂಡ, ಆಮೇಲೆ ಹುಬ್ಬಳ್ಳಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕುವವರು ಇವನ್ನು ಕೊಳ್ಳುತ್ತಾರೆ ಎಂದ. ಆಯಿ ಅವನ ಹತ್ತಿರ ನಡೆದು ಬಂದಳು.

"ತಂದಾಂವ ನೀನ. ತಿರುಗಿ ಮುಟ್ಟಸಾಂವನೂ ನೀನ. ಗಾಡಿ ತಗಿ."

ಕಾಕಾ ನಗುವುದನ್ನು ಬಿಟ್ಟದ್ದನ್ನು ನಾನು ನೋಡಿದ್ದು ಅಂದೇ. ಒದ್ದೆ ಗೋಣಿಚೀಲ ಹಾಸಿದ ಬುಟ್ಟಿಗೆ ಅವನ್ನು ಆರಿಸಿ ಹಾಕತೊಡಗಿದ. ಅವ್ವ ಒಳಗೆ ಹೋಗಿ ಹರವಿಯನ್ನು ತಬ್ಬಿ ಹಿಡಿದು ತಂದು ಕಟ್ಟೆಯ ಮೇಲಿಟ್ಟಳು. ತಳದಲ್ಲಿ ಒಡೆಯದ ತತ್ತಿಗಳು ಇನ್ನೂ ಉಳಿದಿದ್ದವು. ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದಳು. ನಾನು ಕಟ್ಟೆಯ ಕಂಬಕ್ಕೆ ಒರಗಿ, ಬಾಯಿ ತೆರೆದು, ಭುಜಗಳಿಂದ ಉಸಿರೆಳೆಯುತ್ತಿದ್ದೆ. ಅಮಾವಾಸ್ಯೆ ಇನ್ನೂ ಮುಗಿದಿರಲಿಲ್ಲ. ಅವ್ವ ನನ್ನ ಮುಂದೆ ಕುಳಿತು, ಒಂದು ಕೈಯಲ್ಲಿ ತತ್ತಿ ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಅವಳಿಗಾಗಿ ಒಂದು ದೊಡ್ಡ ಉಸಿರು ಬಿಡಲು ನೋಡಿದೆ, ಆಗಲಿಲ್ಲ. ಅವಳು ತತ್ತಿಯನ್ನು ಮರಳಿ ಉಸುಕಿನಲ್ಲಿ ಇಟ್ಟು, ಮೇಲೆ ಕೈಯಾಡಿಸಿದಳು.

"ಹರವೀನೂ ಒಯ್ಯಪಾ," ಎಂದಳು ಕಾಕಾನಿಗೆ.

ಲಾರಿಯ ಕೆಂಪು ದೀಪ ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನಾವು ಮೂವರೂ ಕಟ್ಟೆಯ ಮೇಲೆಯೇ ಕುಳಿತಿದ್ದೆವು. ಆಯಿ ನನ್ನ ಬೆನ್ನು ನೀವುತ್ತಿದ್ದಳು. ಆಗ ಬಾಜು ಮನೆಯ ನೀಲವ್ವ ಕುಳ್ಳಿನ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು ಬಂದಳು. ನಮ್ಮ ಮಾಳಿಗೆಯ ಮೇಲೆ ಹೊಗೆ ಕಾಣಲಿಲ್ಲ, ಬೆಂಕಿ ಆರಿರಬೇಕು ಎಂದು ತಂದಿದ್ದಳು. ಅಳಿಸಿಹೋದ ರಂಗೋಲಿಯನ್ನೂ ಉಸುಕನ್ನೂ ನೋಡಿ ಏನಾಯಿತೆಂದು ಕೇಳಿದಳು. ಆಯಿ ಹೇಳಿದಳು. ನೀಲವ್ವ ಕೆಂಡ ಊದುತ್ತ, ಹೌದೇನು ಎಂದು ತಲೆಯಾಡಿಸಿದಳು.

"ನಮ್ಮ ತತ್ತಿ ಗಡಿಗ್ಯಾಗೂ ನಿನ್ನೆ ಸಂಜಿಂದ ಕರಕರ ನಡದಿತ್ತು ನೋಡ್ರಿ. ಇಲಿ ಹೊಕ್ಕಾವಂತ ತಿಳದು ಮುಚ್ಚಳದ ಮ್ಯಾಲ ಒಳ್ಳಿನ ಗುಂಡಕಲ್ಲ ಇಟ್ಟೆ. ಮಧ್ಯಾಹ್ನದಿಂದ ಸುಮ್ಮಗಾಗ್ಯಾವ."